ಸಹಾಯ ಬೇಕು: ಬಿಸಿಯಾದರೆ ನಿಂತುಬಿಡುವ ಹಳೇ ಯೆಜ್ಡಿ ಬೈಕ್

ನಮಸ್ಕಾರ, ಬದಿಯಡ್ಕದಿಂದ ಬರೆಯುತ್ತಿದ್ದೇನೆ. ಅಪ್ಪನ ಯೆಜ್ಡಿ 250, ಪಾಯಿಂಟ್ (ಪ್ಲಗ್‌ನಲ್ಲಿ ಕಿಡಿ ಬರಲು ಕರೆಂಟನ್ನು ಆಗಾಗ ಕಡಿಯುವ ಸ್ವಿಚ್) ಇರುವ ಗಾಡಿ. ಬೆಳಗ್ಗೆ ಒಂದೇ ಕಿಕ್‌ಗೆ ಸ್ಟಾರ್ಟ್. ಮುಳ್ಳೇರಿಯ ತಲುಪುವಷ್ಟರಲ್ಲಿ ಮಿಸ್ಸಿಂಗ್ ಶುರುವಾಗಿ ನಿಂತೇಬಿಡುತ್ತದೆ. ತಣ್ಣಗಾದರೆ ಮತ್ತೆ ಓಡುತ್ತದೆ.

ನಿಂತಾಗ ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ನೀಲಿ ಇಲ್ಲ, ಸಣಕಲು ಹಳದಿ. ಪಾಯಿಂಟ್ ನಡುವೆ ಮಾತ್ರ ಕಿಡಿ ಜಾಸ್ತಿ, ಮುಖವೆಲ್ಲ ಕಪ್ಪಾಗಿ ಗುಳಿ ಬಿದ್ದಿದೆ. ಪ್ಲಗ್ ಹೊಸದು, ಪಾಯಿಂಟ್ ಗ್ಯಾಪ್ 0.4 ಮಿ.ಮೀ., ಪೆಟ್ರೋಲ್ ಸರಿಯಾಗಿ ಬರುತ್ತಿದೆ.

ನನಗೆ ಕಂಡೆನ್ಸರ್ (ಪಾಯಿಂಟ್ ನಡುವೆ ಕಿಡಿ ಹಾರದಂತೆ ತಡೆಯುವ ಭಾಗ) ಮೇಲೆಯೇ ಅನುಮಾನ. ಆದರೆ ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಕೂಡ ಬಿಸಿಯಾದಾಗ ಕೈಕೊಡುತ್ತದೆ ಅಲ್ವಾ? ಸುಮ್ನೆ ಎರಡನ್ನೂ ಬದಲಿಸದೆ, ಯಾವುದು ಕೆಟ್ಟಿದೆ ಅಂತ ಹೇಗೆ ಪತ್ತೆಹಚ್ಚುವುದು? ಮೈಸೂರಿನ ಯೆಜ್ಡಿ ಕಾರ್ಖಾನೆ 1996ರಲ್ಲೇ ಮುಚ್ಚಿತು, ಒರಿಜಿನಲ್ ಸಾಮಾನು ಸಿಗುವುದು ಕಷ್ಟ. ಕಾಸರಗೋಡು, ಪುತ್ತೂರು, ಮಂಗಳೂರು ಕಡೆ ಒಳ್ಳೆಯ ಕಂಡೆನ್ಸರ್ ಎಲ್ಲಿ ಸಿಗುತ್ತದೆ? ಪಾಯಿಂಟ್ ಕೆಲಸ ಬಲ್ಲ ಹಳೇ ಮೆಕ್ಯಾನಿಕ್ ಇದ್ದರೂ ದಯವಿಟ್ಟು ತಿಳಿಸಿ.