ಅಪ್‌ಡೇಟ್: ಬಾರದ ಪತ್ರಿಕೆಯ ಚಂದಾ ಕಡಿತ ನಿಂತಿತು

ಉಡುಪಿಯಲ್ಲಿರುವ ನಮ್ಮ ತಂದೆಯವರ ಖಾತೆಯಿಂದ, ಒಮ್ಮೆಯೂ ಮನೆಗೆ ಬಾರದ ಮಾಸಪತ್ರಿಕೆಯ ಚಂದಾ ಎಂದು ಪ್ರತಿ ತಿಂಗಳು 499 ರೂಪಾಯಿ ಕಡಿತವಾಗುತ್ತಿದೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ಮೊದಲು ಮ್ಯಾಂಡೇಟನ್ನೇ, ಅಂದರೆ ಪ್ರತಿ ತಿಂಗಳು ತಾನಾಗಿ ಹಣ ಕಡಿತವಾಗಲು ಕೊಟ್ಟ ಅನುಮತಿಯನ್ನೇ, ರದ್ದುಪಡಿಸಿ ಎಂದು ತಿಳಿಸಿದವರಿಗೆ ನಾನು ಋಣಿ.

ತಂದೆಯವರನ್ನು ಕರೆದುಕೊಂಡು ಶಾಖೆಗೆ ಹೋದೆ. ಪಾಸ್‌ಬುಕ್ಕಿನಲ್ಲಿ ಏಳು ಕಡೆ ಅದೇ ಮೊತ್ತದ ಕೆಳಗೆ ಅವರು ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದರು. ಉಚಿತ ಸಂಚಿಕೆ ಕಳುಹಿಸುತ್ತೇವೆ ಎಂದು ಫೋನಿನಲ್ಲಿ ನಂಬಿಸಿ ಪಡೆದ ಒಂದೇ ಒಂದು ಒಟಿಪಿಯಿಂದ ಕಾರ್ಡಿನ ಮೇಲೆ ಮ್ಯಾಂಡೇಟ್ ನೋಂದಣಿಯಾಗಿತ್ತು. ಆಮೇಲೆ ಇಷ್ಟು ಸಣ್ಣ ಮೊತ್ತಕ್ಕೆ ಮತ್ತೆ ಒಟಿಪಿ ಬೇಕಾಗುವುದಿಲ್ಲ. ಆದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು, ಬಂದೂ ಇತ್ತು. ಇಂಗ್ಲಿಷಿನಲ್ಲಿದ್ದ ಆ ಸಂದೇಶಗಳನ್ನು ಅಪ್ಪ ತೆರೆದಿರಲಿಲ್ಲ. ಮಂಗಳೂರಿನಿಂದ ವಾರವಾರ ಹೋಗಿಬರುವ ನಾನೂ ನೋಡಿರಲಿಲ್ಲ ಎಂಬುದು ನನ್ನನ್ನು ಇನ್ನೂ ನೋಯಿಸುತ್ತಿದೆ.

ಮ್ಯಾಂಡೇಟ್ ಅಂದೇ ರದ್ದಾಯಿತು. ಲಿಖಿತ ದೂರಿನ ಪ್ರತಿಗೆ ಮುದ್ರೆ ಹಾಕಿಸಿಕೊಂಡು, ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಿದೆವು. ಗ್ರಾಹಕರೇ ಒಟಿಪಿ ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ಅವರದ್ದು, ಆನಂತರದ್ದು ಬ್ಯಾಂಕಿನದ್ದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿದ್ದರಿಂದ, ಹೋದ 3,493 ರೂಪಾಯಿಯನ್ನು ಬ್ಯಾಂಕಿನಿಂದ ಕೇಳುವ ಆಧಾರ ದುರ್ಬಲವಾಗಿತ್ತು. ಆದರೂ ಮಾರಾಟಗಾರರನ್ನು ಬಿಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇನೆ.

ಈ ತಿಂಗಳ ಕಡಿತದ ದಿನಾಂಕ ನಿನ್ನೆ ಕಳೆಯಿತು. ಹಣ ಹೋಗಿಲ್ಲ.