ಅಣ್ಣಾ, ಮಗಳಿಗೆ ಹೊಂದ್ಕೊಂಡು ಹೋಗು ಅನ್ನಬೇಡ

ಅಣ್ಣಾ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು. ಸೂಪರ್‌ವೈಸರ್ ಕಾಲರ್ ಪೀಸುಗಳನ್ನ ಮುಖಕ್ಕೆ ಎಸೆದ, ರಾತ್ರಿ ನಿದ್ದೇನೇ ಬರ್ತಿಲ್ಲ ಅಂತ ಪುಟ್ಟಿ ನಿನ್ನೆ ಗ್ರೂಪಲ್ಲಿ ಹಾಕಿದ್ಲು. ಅದಕ್ಕೆ ನೀನು, "ಗಾರ್ಮೆಂಟ್ಸ್ ಅಂದ್ಮೇಲೆ ಬೈಗುಳ ಇದ್ದದ್ದೇ, ಹೊಂದ್ಕೊಂಡು ಹೋಗು" ಅಂದೆ. ನಾನೂ ಪೀಣ್ಯದಲ್ಲಿ ಅದೇ ಮೆಷಿನ್ ತುಳಿದವಳು. ಅವಳಿಗೆ ಕೆಲಸ ಬರಲ್ಲ ಅಂತಲ್ಲ ಅಣ್ಣಾ, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಹಾಕೋ ರೀತೀನೇ ಸರಿಯಿಲ್ಲ.

ಸ್ಟಾಪ್‌ವಾಚ್ ಹಿಡ್ಕೊಂಡು ಒಬ್ರು ಪಕ್ಕದಲ್ಲಿ ನಿಂತ್ಕೋತಾರೆ. ಒಂದು ಕಾಲರಿಗೆ 40 ಸೆಕೆಂಡ್ ಅಂತ ಬರ್ಕೊಂಡ್ರೆ ಗಂಟೆಗೆ 90 ಪೀಸ್ ಕೊಡ್ಬೇಕು. ದಾರ ಕಿತ್ಕೊಂಡು ಹೋಗುತ್ತೆ, ಹಿಂದಿನ ಮೆಷಿನ್ನಿಂದ ಬಂಡಲ್ ಲೇಟಾಗುತ್ತೆ. ಸೂಜಿ ಮುರಿದ್ರಂತೂ ಚೂರೆಲ್ಲ ಹುಡುಕಿ, ರಿಜಿಸ್ಟರಿಗೆ ಟೇಪ್ ಹಾಕಿ ಅಂಟಿಸಿ ತೋರಿಸಿದ ಮೇಲೇನೇ ಹೊಸ ಸೂಜಿ ಕೊಡೋದು. ಒಂದು ಚೂರು ಸಿಗದಿದ್ರೂ ಮೆಷಿನ್ ಕೆಳಗೆ ಬಗ್ಗಿ ಮ್ಯಾಗ್ನೆಟ್ ಆಡಿಸ್ತಾ ಹುಡುಕ್ಬೇಕು. ಅದು ಬೇಕೇ ಬೇಕು, ಬಟ್ಟೇಲಿ ಉಳಿದ್ರೆ ಹಾಕ್ಕೊಳ್ಳೋರಿಗೆ ಚುಚ್ಚುತ್ತಲ್ಲ. ಆದ್ರೆ ಅಷ್ಟು ಹೊತ್ತನ್ನ ಟಾರ್ಗೆಟ್ಟಿಂದ ಯಾರೂ ಕಳೆಯಲ್ಲ. ಅದನ್ನ ತುಂಬಿಸೋಕೆ ಹೆಣ್ಮಕ್ಕಳು ನೀರು ಕುಡಿಯೋದೇ ಬಿಡ್ತಾರೆ, ಟಾಯ್ಲೆಟ್ಟಿಗೆ ಏಳೋದು ತಪ್ಪಲಿ ಅಂತ. ಎಷ್ಟು ಜನಕ್ಕೆ ಉರಿಮೂತ್ರ ಶುರುವಾಗಿದ್ದು ಹೀಗೇನೇ.

ಪುಟ್ಟಿ, ಪೀಸ್ ಎಸೆದ ದಿನ, ಟೈಮು, ಪಕ್ಕದಲ್ಲಿ ಯಾರ್ಯಾರಿದ್ರು ಎಲ್ಲ ಬರೆದಿಡು. ಒಬ್ಳೇ ಹೋಗ್ಬೇಡ. ನಿಮ್ಮ ಲೈನಿನೋರು ನಾಲ್ಕು ಜನ ಸೈನ್ ಹಾಕಿ ಎಚ್‌ಆರಿಗೆ ಕೊಡಿ, ಒಂದು ಕಾಪಿ ಇಟ್ಕೊಳ್ಳಿ. ಓಟಿಗೆ ಡಬಲ್ ಕೂಲಿ ಕೊಡ್ಬೇಕು ಅಂತ ಕಾನೂನಿದೆ. ದುಡ್ಡಿನ ಬದ್ಲು ಕಾಂಪ್ ಆಫ್, ಅಂದ್ರೆ ಇನ್ನೊಂದಿನ ರಜೆ ತಗೋ ಅಂದ್ರೆ ಒಪ್ಕೋಬೇಡ. ನಿದ್ದೆ ಬರದಿರೋದನ್ನ ಇಎಸ್‌ಐ ಡಾಕ್ಟರಿಗೆ ಹೇಳು, ನಾಚಿಕೆ ಬೇಡ.

ಅಣ್ಣಾ, ಮಾತಾಡಿದ್ರೆ ಏನಾಗುತ್ತೆ ಅಂತೀಯ. 2016ರಲ್ಲಿ ಪಿಎಫ್‌ನ ಕಂಪ್ನಿ ಪಾಲು 58 ವರ್ಷದ ತನಕ ತೆಗಿಯಂಗಿಲ್ಲ ಅಂತ ಕೇಂದ್ರದೋರು ರೂಲ್ಸ್ ತಂದ್ರು. ಏಪ್ರಿಲ್ಲಲ್ಲಿ ಗಾರ್ಮೆಂಟ್ಸ್ ಹೆಣ್ಮಕ್ಕಳು ಹೊಸೂರು ರೋಡು, ತುಮಕೂರು ರೋಡಿಗೆ ಇಳಿದ್ರು, ಲಾಠಿ ಏಟೂ ತಿಂದ್ರು. 19ನೇ ತಾರೀಕು ಸರ್ಕಾರ ಆ ರೂಲ್ಸ್ ವಾಪಸ್ ತಗೊಂತು. ಅವರಿಗೂ ಮನೇಲಿ ಹೊಂದ್ಕೊಂಡು ಹೋಗು ಅಂತಾನೇ ಹೇಳಿದ್ರು. ನೀನು ಅಪ್ಪ. ಹೊರಗೆ ಬೈಸ್ಕೊಂಡು ಬಂದ ಮಗು ನಿನ್ನ ಹತ್ರಾನೂ ಬೈಸ್ಕೋಬೇಕಾ? ಇವತ್ತು ಸಂಜೆ ಅವಳ ಜೊತೆ ಕೂತು ಮಾತಾಡು. ಪುಟ್ಟಿ, ಪೇ ಸ್ಲಿಪ್ಪೆಲ್ಲ ಎತ್ತಿಡು, ಭಾನುವಾರ ಬಂದು ಓಟಿ ಲೆಕ್ಕ ನೋಡ್ತೀನಿ.