ಅಪ್‌ಡೇಟ್: ಸಿರೋಸಿಸ್ ಇರುವ ಅಪ್ಪನ ಹೊಕ್ಕುಳ ಹರ್ನಿಯಾ, ಆಪರೇಷನ್ ಸದ್ಯಕ್ಕಿಲ್ಲ

ಲಿವರ್ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಹಾಳಾಗುವ ಕಾಯಿಲೆ) ಇದೆ, ಹೊಟ್ಟೆಯಲ್ಲಿ ನೀರು ತುಂಬಿದೆ, ಹೊಕ್ಕುಳ ಹರ್ನಿಯಾವನ್ನು (ಹೊಕ್ಕುಳ ಹತ್ತಿರ ಒಳಗಿನದು ಹೊರಗೆ ಉಬ್ಬುವುದು) ಈಗಲೇ ಆಪರೇಷನ್ ಮಾಡಿಸಬೇಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ಬೇಡ ಅಂತ ತೀರ್ಮಾನವಾಗಿದೆ.

ಲಿವರ್ ಎಷ್ಟು ಹಾಳಾಗಿದೆ ಅಂತ ಅಳೆಯುವ ಚೈಲ್ಡ್-ಪ್ಯೂ ಲೆಕ್ಕ (ಎ, ಬಿ, ಸಿ ವರ್ಗ; ಸಿ ಅಂದರೆ ಅತಿ ಗಂಭೀರ, ಆಪರೇಷನ್ ಅಪಾಯವೂ ಹೆಚ್ಚು) ಹೀಗಿದೆ: ಬಿಲಿರುಬಿನ್ 2.6 (2 ಅಂಕ), ರಕ್ತದ ಪ್ರೋಟೀನ್ ಆಲ್ಬುಮಿನ್ 2.7 (3), ರಕ್ತ ಹೆಪ್ಪುಗಟ್ಟುವಿಕೆ ಅಳೆಯುವ ಐಎನ್‌ಆರ್ 1.8 (2), ಹೊಟ್ಟೆ ನೀರು ಜಾಸ್ತಿ (3), ಮಂಪರು ಇಲ್ಲ (1). ಒಟ್ಟು 11, ಅಂದರೆ ಸಿ ವರ್ಗ. ನೀರು ಸ್ವಲ್ಪಕ್ಕೆ ಇಳಿದು ಆಲ್ಬುಮಿನ್ 2.8 ದಾಟಿದರೆ 9, ಬಿ ವರ್ಗ. ಕಾಯುವುದಕ್ಕೆ ಇದೇ ಕಾರಣ. ನೀರು ಹಾಗೇ ಇದ್ದಾಗ ಹೊಲಿದರೆ ಗಾಯದಿಂದ ನೀರು ಸೋರುತ್ತದೆ, ಸೋಂಕಾಗುತ್ತದೆ, ಹರ್ನಿಯಾ ಮತ್ತೆ ಬರುತ್ತದೆ.

ಈಗ ದಿನಕ್ಕೆ ಉಪ್ಪು 5 ಗ್ರಾಂ ಒಳಗೆ (ಉಪ್ಪಿನಕಾಯಿ, ಹಪ್ಪಳ ಪೂರ್ತಿ ಬಂದ್), ಮೂತ್ರ ಹೆಚ್ಚಿಸಿ ನೀರು ಇಳಿಸುವ ಮಾತ್ರೆಗಳಾದ ಸ್ಪೈರೊನೊಲ್ಯಾಕ್ಟೋನ್ 100, ಫ್ಯೂರೊಸೆಮೈಡ್ 40 ಮಿ.ಗ್ರಾಂ. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಮೇಲೆ ಕಣ್ಣಿಟ್ಟೇ ಈ ಮಾತ್ರೆ ಕೊಡಬೇಕು. ಸೂಜಿಯಿಂದ ಹೊಟ್ಟೆಯ ನೀರನ್ನು 5 ಲೀಟರ್‌ಗಿಂತ ಹೆಚ್ಚು ತೆಗೆದರೆ, ತೆಗೆದ ಲೀಟರ್‌ಗೆ 8 ಗ್ರಾಂ ಆಲ್ಬುಮಿನ್ ಡ್ರಿಪ್ ಬೇಕು, ಇಲ್ಲದಿದ್ದರೆ ಕಿಡ್ನಿಗೆ ಪೆಟ್ಟು. ನೀರು ಒಮ್ಮೆಲೇ ಇಳಿದಾಗ ಕರುಳು ಹರ್ನಿಯಾದ ಬಾಯಲ್ಲಿ ಸಿಕ್ಕಿಕೊಳ್ಳುವುದೂ ಉಂಟು, ಅದನ್ನು ಯಾರೂ ಮರೆಯಬೇಡಿ.

ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಟ್ಟಲೇಬಾರದು. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಮೀರಬಾರದು.

ಹೊಕ್ಕುಳ ಮೇಲಿನ ಚರ್ಮವನ್ನು ದಿನಾ ನೋಡಬೇಕು. ತೆಳ್ಳಗಾಗಿ ಹೊಳೆಯುವುದು, ಕಪ್ಪಾಗುವುದು, ಹುಣ್ಣಾಗುವುದು, ನೀರು ಜಿನುಗುವುದು, ಒಳಗೆ ತಳ್ಳಿದರೂ ಹೋಗದ ಗಟ್ಟಿ ಉಬ್ಬು, ವಾಂತಿ: ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಬೇಕು. ತುರ್ತು ಆಪರೇಷನ್‌ನ ಅಪಾಯ ಯೋಜಿತ ಆಪರೇಷನ್‌ಗಿಂತ ಬಹಳ ಹೆಚ್ಚು. ಲಿವರ್ ಕಸಿಗೂ ಪರೀಕ್ಷೆ ಶುರುವಾಗಿದೆ. ಕಸಿ ಬೇಗ ಆಗುವಂತಿದ್ದರೆ ಹರ್ನಿಯಾವನ್ನೂ ಆಗಲೇ ಮುಚ್ಚುತ್ತಾರೆ.